ಶ್ವಾಸಕೋಶದ ಗಂಟು: ಕಾರಣ ತಿಳಿಯದಿದ್ದಾಗ ನಿಗಾ ಹೇಗೆ?

ಹೃದಯದ ತಪಾಸಣೆಗೆಂದೋ, ಅಪಘಾತದ ನಂತರವೋ, ಬಿಡದ ಜ್ವರದ ಮೂಲವನ್ನು ಹುಡುಕಲೆಂದೋ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡವರ ವರದಿಯಲ್ಲಿ ಕೆಲವೊಮ್ಮೆ ನಿರೀಕ್ಷಿಸದ ಸಾಲೊಂದು ಕಾಣಿಸಿಕೊಳ್ಳುತ್ತದೆ. ಬಲ ಶ್ವಾಸಕೋಶದ ಮೇಲಿನ ಹಾಲೆಯಲ್ಲಿ 7 ಮಿಲಿಮೀಟರ್ ಗಾತ್ರದ ನಾಡ್ಯೂಲ್ ಇದೆ, ಸ್ವರೂಪ ಅನಿಶ್ಚಿತ, ಮುಂದಿನ ನಿಗಾ ಅಗತ್ಯ ಎಂಬುದು ಆ ಸಾಲಿನ ಸಾರಾಂಶ. ಓದಿದವರ ಮನಸ್ಸಿಗೆ ಮೊದಲು ಬರುವ ಪದ ಕ್ಯಾನ್ಸರ್. ಕೆಲವರು ಅಂದಿನಿಂದಲೇ ನಿದ್ರೆಗೆಡುತ್ತಾರೆ. ಇನ್ನು ಕೆಲವರು ಯಾವ ತೊಂದರೆಯೂ ಇಲ್ಲವೆಂದು ವರದಿಯನ್ನು ಕಪಾಟಿನಲ್ಲಿಟ್ಟು ಮರೆತುಬಿಡುತ್ತಾರೆ. ಈ ಎರಡೂ ಪ್ರತಿಕ್ರಿಯೆಗಳು ಸರಿಯಲ್ಲ ಎನ್ನುತ್ತದೆ ವೈದ್ಯವಿಜ್ಞಾನ. ಇಂತಹ ಗಂಟುಗಳಲ್ಲಿ ಬಹುಪಾಲು ನಿರುಪದ್ರವಿ. ಆದರೆ ಉಳಿದ ಸಣ್ಣ ಪಾಲಿನಲ್ಲಿ ಅಡಗಿರುವುದು, ಆ ಹಂತದಲ್ಲಿಯೇ ಗುರುತಿಸಿದರೆ ಗುಣಪಡಿಸಬಹುದಾದ ಕ್ಯಾನ್ಸರ್. ಇವೆರಡನ್ನೂ ಬೇರ್ಪಡಿಸಲು ವೈದ್ಯರು ಅನುಸರಿಸುವ ಕ್ರಮವನ್ನು ಅರಿತುಕೊಂಡರೆ ಅನಗತ್ಯ ಭಯವೂ ಅನಗತ್ಯ ಚಿಕಿತ್ಸೆಯೂ ತಪ್ಪುತ್ತವೆ.

ನಾಡ್ಯೂಲ್ ಎಂದರೇನು?

ಶ್ವಾಸಕೋಶದ ಬಹುಭಾಗ ಗಾಳಿ. ಹೀಗಾಗಿ ಕ್ಷ-ಕಿರಣದ ಚಿತ್ರದಲ್ಲಿ ಅದು ಕಪ್ಪಾಗಿ ಕಾಣುತ್ತದೆ. ಆ ಕಪ್ಪು ಹಿನ್ನೆಲೆಯಲ್ಲಿ ದುಂಡಗೆ ಅಥವಾ ಮೊಟ್ಟೆಯಾಕಾರದಲ್ಲಿ ಬೆಳ್ಳಗೆ ಕಾಣುವ, 3 ಸೆಂಟಿಮೀಟರ್ ಮೀರದ ಚುಕ್ಕೆಯನ್ನು ನಾಡ್ಯೂಲ್ ಎಂದು ಕರೆಯಲಾಗುತ್ತದೆ. ಕನ್ನಡದಲ್ಲಿ ಅದನ್ನು ಸಣ್ಣ ಗಂಟು ಎನ್ನಬಹುದು. 3 ಸೆಂಟಿಮೀಟರ್ ಮೀರಿದರೆ ಅದನ್ನು ಗಡ್ಡೆ ಎಂದು ಪರಿಗಣಿಸಲಾಗುತ್ತದೆ. ಗಡ್ಡೆಯು ಕ್ಯಾನ್ಸರ್ ಆಗಿರುವ ಸಾಧ್ಯತೆ ಹೆಚ್ಚಾದ್ದರಿಂದ ಅದರ ತನಿಖೆಯ ದಾರಿಯೇ ಬೇರೆ.

ಇಲ್ಲಿ ಒಂದು ಸಂಗತಿ ಗಮನಾರ್ಹ. ನಾಡ್ಯೂಲ್ ಎಂಬುದು ರೋಗದ ಹೆಸರಲ್ಲ. ಚಿತ್ರದಲ್ಲಿ ಕಂಡುದರ ವರ್ಣನೆ ಮಾತ್ರ. ಹಳೆಯ ಗಾಯದ ಕಲೆ, ವಾಸಿಯಾದ ಸೋಂಕಿನ ಗುರುತು, ದುಗ್ಧಗ್ರಂಥಿ, ಕ್ಯಾನ್ಸರಿನ ಮೊಳಕೆ ಇವೆಲ್ಲವೂ ಚಿತ್ರದಲ್ಲಿ ಒಂದೇ ಬಗೆಯ ಚುಕ್ಕೆಯಾಗಿ ಕಾಣಬಲ್ಲವು. ಶ್ವಾಸಕೋಶದ ಒಳಭಾಗಕ್ಕೆ ನೋವಿನ ಅರಿವು ಇಲ್ಲವಾದ್ದರಿಂದ ಇಂತಹ ಗಂಟು ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ಅದು ಪತ್ತೆಯಾಗುವುದು ಬೇರೆ ಕಾರಣಕ್ಕೆ ತೆಗೆದ ಚಿತ್ರದಲ್ಲಿ, ಆಕಸ್ಮಿಕವಾಗಿ.

ಮಾಮೂಲಿ ಎಕ್ಸ್‌ರೇಯಲ್ಲಿ ಕಂಡ ಚುಕ್ಕೆ ಎಷ್ಟೋ ಬಾರಿ ಶ್ವಾಸಕೋಶದಲ್ಲಿಯೇ ಇರುವುದಿಲ್ಲ. ಮೊಲೆತೊಟ್ಟಿನ ನೆರಳು, ಚರ್ಮದ ಮೇಲಿನ ಗುಳ್ಳೆ, ಹಿಂದೊಮ್ಮೆ ಮುರಿದು ಕೂಡಿಕೊಂಡ ಪಕ್ಕೆಲುಬು ಕೂಡ ಗಂಟಿನಂತೆ ತೋರಬಹುದು. ಆದಕಾರಣ ಎಕ್ಸ್‌ರೇಯಲ್ಲಿ ಸಂಶಯ ಬಂದಾಗ ಸಿ.ಟಿ. ಸ್ಕ್ಯಾನಿನಿಂದ ಖಚಿತಪಡಿಸಿಕೊಳ್ಳುವುದು ಮೊದಲ ಹೆಜ್ಜೆ.

ಹೆಚ್ಚು ಜನರಲ್ಲಿ ಕಾಣುತ್ತಿರುವುದೇಕೆ?

ಜರ್ಮನಿಯ ವಿಲ್‌ಹೆಲ್ಮ್ ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದದ್ದು 1895ರಲ್ಲಿ. ಆ ಬಳಿಕ ಸುಮಾರು ಮುಕ್ಕಾಲು ಶತಮಾನ ಶ್ವಾಸಕೋಶವನ್ನು ನೋಡಲು ಇದ್ದ ಮುಖ್ಯ ಸಾಧನ ಚಪ್ಪಟೆ ಎಕ್ಸ್‌ರೇ ಫಿಲ್ಮ್. ಅದರಲ್ಲಿ 1 ಸೆಂಟಿಮೀಟರಿಗಿಂತ ಚಿಕ್ಕ ಗಂಟು ಪಕ್ಕೆಲುಬು, ಹೃದಯ, ರಕ್ತನಾಳಗಳ ನೆರಳಿನಲ್ಲಿ ಮರೆಯಾಗುವುದೇ ಹೆಚ್ಚು. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರದಿಂದ 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಚಿತ್ರ ತೆಗೆಯಲಾಯಿತು. 1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮ್ಯಾಕ್ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಇಂದಿನ ಯಂತ್ರಗಳು ಎದೆಯನ್ನು ಒಂದು ಮಿಲಿಮೀಟರಿನಷ್ಟು ತೆಳುವಾದ ಪದರಗಳಾಗಿ ಸೀಳಿ ತೋರಿಸುತ್ತವೆ. ಸಾಸಿವೆ ಕಾಳಿನಷ್ಟು ಚಿಕ್ಕದೂ ಅವುಗಳ ಕಣ್ಣಿಗೆ ಬೀಳುತ್ತದೆ.

2020 ಮತ್ತು 2021ರ ಕೊರೊನಾ ಅವಧಿಯಲ್ಲಿ ಎದೆಯ ಸ್ಕ್ಯಾನ್ ಮಾಡಿಸಿಕೊಂಡ ಅನೇಕರಲ್ಲಿ ಕೋವಿಡ್‌ಗೆ ಸಂಬಂಧವಿಲ್ಲದ ಇಂತಹ ಗಂಟುಗಳು ಬೆಳಕಿಗೆ ಬಂದವು. ಹೃದಯದ ರಕ್ತನಾಳಗಳ ಸಿ.ಟಿ. ಪರೀಕ್ಷೆಯಲ್ಲಿಯೂ, ಹೊಟ್ಟೆಯ ಸ್ಕ್ಯಾನಿನ ಮೇಲಂಚಿನಲ್ಲಿಯೂ ಇವು ಕಾಣಿಸಿಕೊಳ್ಳುತ್ತವೆ. ಗಂಟುಗಳು ಹೆಚ್ಚಾದವೆಂಬುದಕ್ಕಿಂತ ನೋಡುವ ಕಣ್ಣು ಚುರುಕಾಯಿತೆಂಬುದು ಇದಕ್ಕೆ ಮುಖ್ಯ ಕಾರಣ.

ಅಮೆರಿಕದಲ್ಲಿ 53,454 ಮಂದಿ ಧೂಮಪಾನಿಗಳು ಹಾಗೂ ಮಾಜಿ ಧೂಮಪಾನಿಗಳ ಮೇಲೆ ನಡೆದ ರಾಷ್ಟ್ರೀಯ ಶ್ವಾಸಕೋಶ ತಪಾಸಣಾ ಅಧ್ಯಯನದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಕಡಿಮೆ ವಿಕಿರಣದ ಸಿ.ಟಿ. ಮಾಡಿಸಿಕೊಂಡ ಗುಂಪಿನಲ್ಲಿ ಶ್ವಾಸಕೋಶ ಕ್ಯಾನ್ಸರಿನಿಂದಾದ ಸಾವು, ಎಕ್ಸ್‌ರೇ ಗುಂಪಿಗಿಂತ ಶೇ. 20ರಷ್ಟು ಕಡಿಮೆ ಇತ್ತು. ಆದರೆ ಸಂಶಯಾಸ್ಪದವೆಂದು ಗುರುತಿಸಿದ ಸ್ಕ್ಯಾನುಗಳಲ್ಲಿ ಶೇ. 96ಕ್ಕೂ ಹೆಚ್ಚು ಪ್ರಕರಣಗಳು ಕೊನೆಗೆ ಕ್ಯಾನ್ಸರ್ ಅಲ್ಲವೆಂದು ತಿಳಿದುಬಂತು. ಹೆಚ್ಚಿನ ಅಪಾಯವುಳ್ಳವರ ಗುಂಪಿನಲ್ಲಿಯೇ ಸ್ಥಿತಿ ಹೀಗಿತ್ತು.

ಗಂಟಿಗೆ ಕಾರಣಗಳೇನು?

ನಿರುಪದ್ರವಿ ಗಂಟುಗಳಿಗೆ ಅತಿ ಸಾಮಾನ್ಯ ಕಾರಣ ಸೋಂಕು. ರೋಗಾಣುವನ್ನು ಸುತ್ತುವರಿದು ಬಂಧಿಸಲು ದೇಹದ ರಕ್ಷಣಾ ಕಣಗಳು ಒಟ್ಟಾಗಿ ಕಟ್ಟುವ ಗೋಡೆಯನ್ನು ಗ್ರಾನ್ಯುಲೋಮ ಎನ್ನಲಾಗುತ್ತದೆ. ಸೋಂಕು ಅಳಿದ ಮೇಲೂ ಆ ಗೋಡೆ ಉಳಿಯುತ್ತದೆ. ವರ್ಷಗಳು ಕಳೆದಂತೆ ಅದರಲ್ಲಿ ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತದೆ. ಭಾರತದಲ್ಲಿ ಇದಕ್ಕೆ ಪ್ರಧಾನ ಕಾರಣ ಕ್ಷಯ. ಅಮೆರಿಕದ ಕೆಲವು ಪ್ರದೇಶಗಳಲ್ಲಿ ಮಣ್ಣಿನ ಶಿಲೀಂಧ್ರಗಳಿಂದ ಬರುವ ಸೋಂಕು ಇದೇ ಬಗೆಯ ಗುರುತನ್ನು ಬಿಡುತ್ತದೆ.

ಹ್ಯಾಮಾರ್ಟೋಮ ಎಂಬುದು ಮೃದ್ವಸ್ಥಿ ಮತ್ತು ಕೊಬ್ಬು ಸೇರಿದ ನಿರಪಾಯಕಾರಿ ಬೆಳವಣಿಗೆ. ಶ್ವಾಸಕೋಶದ ಹಾಲೆಗಳ ನಡುವಣ ಸೀಳಿನ ಪಕ್ಕದಲ್ಲಿ ತ್ರಿಕೋನಾಕಾರವಾಗಿ ಕಾಣುವ ಪುಟ್ಟ ಗಂಟು ಸಾಮಾನ್ಯವಾಗಿ ದುಗ್ಧಗ್ರಂಥಿ. ಸಂಧಿವಾತದಿಂದ ಬಳಲುವವರಲ್ಲಿ ಗಂಟುಗಳು ಮೂಡುವುದುಂಟು. ನಾಯಿಯಿಂದ ಹರಡುವ ಲಾಡಿಹುಳುವಿನ ಮರಿಹುಳು ಶ್ವಾಸಕೋಶ ಸೇರಿದರೆ ದುಂಡನೆಯ ನೀರ್ಗುಳ್ಳೆ ಬೆಳೆಯುತ್ತದೆ. ಅಪಧಮನಿ ಹಾಗೂ ಅಭಿಧಮನಿ ನೇರವಾಗಿ ಕೂಡಿಕೊಂಡ ರಕ್ತನಾಳದ ತೊಡಕು ಕೂಡ ಗಂಟಿನಂತೆ ತೋರಬಹುದು. ಅದಕ್ಕೆ ಸೂಜಿ ಚುಚ್ಚಿದರೆ ತೀವ್ರ ರಕ್ತಸ್ರಾವವಾದೀತು. ಚಿತ್ರವನ್ನು ಪೂರ್ತಿ ಪರಿಶೀಲಿಸದೆ ಬಯಾಪ್ಸಿಗೆ ಮುಂದಾಗಬಾರದೆಂಬುದಕ್ಕೆ ಇದೂ ಒಂದು ಕಾರಣ.

ಕಲ್ಲಿನ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಬರುವ ಸಿಲಿಕೋಸಿಸ್ ರೋಗದಲ್ಲಿ ಎರಡೂ ಶ್ವಾಸಕೋಶಗಳ ಮೇಲ್ಭಾಗದಲ್ಲಿ ಅನೇಕ ಸಣ್ಣ ಗಂಟುಗಳು ಕಾಣುತ್ತವೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರನ್ನು ಈ ರೋಗ ದಶಕಗಳ ಕಾಲ ಕಾಡಿತ್ತು. ಕಲ್ಲುಗಣಿ, ಕ್ರಷರ್, ಗ್ರಾನೈಟ್ ಕತ್ತರಿಸುವ ಘಟಕಗಳಲ್ಲಿ ದುಡಿಯುವವರು ತಮ್ಮ ಉದ್ಯೋಗದ ವಿವರವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಇನ್ನು ಅಪಾಯಕಾರಿ ಕಾರಣಗಳು. ಶ್ವಾಸಕೋಶದಲ್ಲಿಯೇ ಹುಟ್ಟುವ ಕ್ಯಾನ್ಸರ್ ಮೊದಲನೆಯದು. ಸ್ತನ, ದೊಡ್ಡಕರುಳು, ಮೂತ್ರಪಿಂಡ ಮುಂತಾದ ಬೇರೆ ಅಂಗಗಳ ಕ್ಯಾನ್ಸರ್ ರಕ್ತದ ಮೂಲಕ ಹರಿದುಬಂದು ನೆಲೆಸುವುದು ಎರಡನೆಯದು. ನಿಧಾನವಾಗಿ ಬೆಳೆಯುವ ಕಾರ್ಸಿನಾಯ್ಡ್ ಗಡ್ಡೆ ಮೂರನೆಯದು.

ಕ್ಷಯದ ನಾಡಿನಲ್ಲಿ ಹೆಚ್ಚಿನ ತೊಡಕು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಭಾರತದಲ್ಲಿ ಸುಮಾರು 28 ಲಕ್ಷ ಮಂದಿ ಕ್ಷಯಕ್ಕೆ ತುತ್ತಾದರು. ಇದು ಜಗತ್ತಿನ ಒಟ್ಟು ಪ್ರಕರಣಗಳ ಕಾಲುಭಾಗಕ್ಕಿಂತ ಹೆಚ್ಚು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಲ್ಲಿ ಭಾರತದ ಹೊಸ ಶ್ವಾಸಕೋಶ ಕ್ಯಾನ್ಸರ್ ಪ್ರಕರಣಗಳ ಸಂಖ್ಯೆ 81 ಸಾವಿರ ದಾಟುತ್ತದೆ. ಕೆಮ್ಮು, ತೂಕ ಇಳಿಕೆ, ಕಫದಲ್ಲಿ ರಕ್ತ ಎರಡಕ್ಕೂ ಸಮಾನ ಲಕ್ಷಣಗಳು. ಎರಡೂ ಶ್ವಾಸಕೋಶದ ಮೇಲ್ಭಾಗವನ್ನು ಹೆಚ್ಚಾಗಿ ಆಶ್ರಯಿಸುತ್ತವೆ. ಹೀಗಾಗಿ ಚಿತ್ರವನ್ನಷ್ಟೇ ನೋಡಿ ಇದು ಕ್ಷಯ, ಇದು ಕ್ಯಾನ್ಸರ್ ಎಂದು ಹೇಳುವುದು ನುರಿತ ತಜ್ಞರಿಗೂ ಕಷ್ಟ.

ಇದರಿಂದ ಎರಡು ಬಗೆಯ ಅನಾಹುತಗಳು ಸಂಭವಿಸುತ್ತವೆ. ಮೊದಲನೆಯದು, ಕಫದಲ್ಲಿ ಕ್ಷಯಾಣು ಸಿಗದಿದ್ದರೂ ಕೇವಲ ಸ್ಕ್ಯಾನಿನ ಆಧಾರದ ಮೇಲೆ ಕ್ಷಯದ ಮಾತ್ರೆಗಳನ್ನು ಆರಂಭಿಸುವುದು. ಸಾಮಾನ್ಯ ಕ್ಷಯ ಚಿಕಿತ್ಸೆಯ ಅವಧಿ 6 ತಿಂಗಳು. ಗಂಟು ವಾಸ್ತವದಲ್ಲಿ ಕ್ಯಾನ್ಸರ್ ಆಗಿದ್ದರೆ ಆ 6 ತಿಂಗಳು ಕೈತಪ್ಪಿದ ಕಾಲ. ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದಾಗಿದ್ದ ಗಡ್ಡೆ ಅಷ್ಟರಲ್ಲಿ ದುಗ್ಧಗ್ರಂಥಿಗಳಿಗೆ ಹರಡಿರಬಹುದು. ಎರಡನೆಯದು, ಹಳೆಯ ಕ್ಷಯದ ಕಲೆಯನ್ನು ಕ್ಯಾನ್ಸರ್ ಎಂದು ಭಾವಿಸಿ ಎದೆ ತೆರೆದು ಶಸ್ತ್ರಚಿಕಿತ್ಸೆ ನಡೆಸುವುದು. ಎರಡನ್ನೂ ತಪ್ಪಿಸುವ ಮಾರ್ಗ ಒಂದೇ. ಕ್ಷಯವೆಂದು ಶಂಕಿಸಿದರೆ ಕಫ ಪರೀಕ್ಷೆ, ಸಿಬಿನಾಟ್ ಮೊದಲಾದ ಆಣ್ವಿಕ ಪರೀಕ್ಷೆ, ಅಗತ್ಯವಿದ್ದರೆ ಬ್ರಾಂಕೋಸ್ಕೋಪಿಯ ಮೂಲಕ ಶ್ವಾಸನಾಳದಿಂದ ತೆಗೆದ ದ್ರವದ ಪರೀಕ್ಷೆ ನಡೆಸಿ ರೋಗಾಣುವಿನ ಪುರಾವೆ ಹುಡುಕಬೇಕು. ಪುರಾವೆಯಿಲ್ಲದೆ ಚಿಕಿತ್ಸೆ ಆರಂಭಿಸುವುದು ಅನಿವಾರ್ಯವಾದರೂ, ಗಂಟು ಕರಗುತ್ತಿದೆಯೇ ಎಂದು ನೋಡಲು ಮರು ಸ್ಕ್ಯಾನಿನ ದಿನವನ್ನು ಅಂದೇ ನಿಗದಿಪಡಿಸಬೇಕು.

ಕ್ಷಯದ ಚರ್ಮಪರೀಕ್ಷೆ ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಭಾರತದ ವಯಸ್ಕರಲ್ಲಿ ಬಹಳಷ್ಟು ಮಂದಿ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಕ್ಷಯಾಣುವಿನ ಸಂಪರ್ಕಕ್ಕೆ ಬಂದಿರುವುದರಿಂದ, ರೋಗವಿಲ್ಲದವರಲ್ಲಿಯೂ ಅದು ಸಕಾರಾತ್ಮಕವಾಗಿ ಬರುತ್ತದೆ.

ಸ್ಕ್ಯಾನಿನ ಚಿತ್ರ ಹೇಳುವುದೇನು?

ವಿಕಿರಣತಜ್ಞರು ಗಂಟಿನ ಐದು ಗುಣಗಳನ್ನು ನೋಡುತ್ತಾರೆ.

ಗಾತ್ರ: ಇದೇ ಎಲ್ಲಕ್ಕಿಂತ ಪ್ರಮುಖ. 6 ಮಿಲಿಮೀಟರಿಗಿಂತ ಚಿಕ್ಕ ಗಂಟು ಕ್ಯಾನ್ಸರ್ ಆಗಿರುವ ಸಾಧ್ಯತೆ ಶೇ. 1ಕ್ಕಿಂತ ಕಡಿಮೆ. 8 ಮಿಲಿಮೀಟರ್ ದಾಟಿದಂತೆ ಸಾಧ್ಯತೆ ಏರುತ್ತದೆ, 2 ಸೆಂಟಿಮೀಟರ್ ದಾಟಿದರೆ ಗಣನೀಯವಾಗಿ ಹೆಚ್ಚುತ್ತದೆ.

ಅಂಚು: ನುಣುಪಾದ ಅಂಚು ಸಾಮಾನ್ಯವಾಗಿ ಒಳ್ಳೆಯ ಲಕ್ಷಣ. ಸೂರ್ಯಕಿರಣದಂತೆ ಸುತ್ತಲೂ ಮುಳ್ಳುಮುಳ್ಳಾಗಿ ಚಾಚಿಕೊಂಡ ಅಂಚನ್ನು ವರದಿಯಲ್ಲಿ ಸ್ಪಿಕ್ಯುಲೇಟೆಡ್ ಎಂದು ಬರೆದಿರುತ್ತಾರೆ. ಅದು ಸಂಶಯ ಹೆಚ್ಚಿಸುವ ಲಕ್ಷಣ.

ಸುಣ್ಣದ ಅಂಶ: ಗಂಟಿನ ತುಂಬ, ನಟ್ಟನಡುವೆ ಅಥವಾ ಪದರಪದರವಾಗಿ ಸುಣ್ಣ ಕಟ್ಟಿದ್ದರೆ ಅದು ಹಳೆಯ ಸೋಂಕಿನ ಕಲೆ. ಅರಳಿದ ಜೋಳದಂತೆ ಸುಣ್ಣದ ಅಂಶ ಹರಡಿದ್ದರೆ ಅಥವಾ ಒಳಗೆ ಕೊಬ್ಬು ಕಂಡರೆ ಹ್ಯಾಮಾರ್ಟೋಮ. ಒಂದೇ ಬದಿಗೆ ಸರಿದ ಅಥವಾ ಚುಕ್ಕಿಚುಕ್ಕಿಯಾದ ಸುಣ್ಣ ಇಂತಹ ಭರವಸೆ ನೀಡುವುದಿಲ್ಲ.

ಸಾಂದ್ರತೆ: ಹಿಂದಿನ ರಕ್ತನಾಳಗಳನ್ನು ಪೂರ್ತಿ ಮರೆಮಾಡುವ ಗಂಟು ಘನ ಸ್ವರೂಪದ್ದು. ಮಬ್ಬುಗಾಜಿನ ಮೂಲಕ ನೋಡಿದಂತೆ ರಕ್ತನಾಳಗಳು ಕಾಣುತ್ತಿದ್ದರೆ ಅದು ಗ್ರೌಂಡ್ ಗ್ಲಾಸ್ ಗಂಟು. ಎರಡೂ ಬೆರೆತದ್ದು ಅರೆಘನ ಗಂಟು. ಮಬ್ಬುಗಾಜಿನಂತಹ ಗಂಟುಗಳಲ್ಲಿ ಅನೇಕವು ಸೋಂಕಿನಿಂದ ಬಂದು ಕೆಲವು ತಿಂಗಳಲ್ಲಿ ಮಾಯವಾಗುತ್ತವೆ. ಮಾಯವಾಗದೆ ಉಳಿದವು ನಿಧಾನಗತಿಯ ಕ್ಯಾನ್ಸರ್ ಆಗಿರಬಹುದು. ಮಾಯವಾಗದ ಅರೆಘನ ಗಂಟಿನ ಬಗ್ಗೆ ಹೆಚ್ಚಿನ ಎಚ್ಚರಿಕೆ ಬೇಕು.

ಸ್ಥಳ ಹಾಗೂ ಸಂಖ್ಯೆ: ಶ್ವಾಸಕೋಶ ಕ್ಯಾನ್ಸರ್ ಮೇಲಿನ ಹಾಲೆಗಳಲ್ಲಿ ಹೆಚ್ಚು. ಬೇರೆಡೆಯಿಂದ ಹರಡಿದ ಕ್ಯಾನ್ಸರ್ ಸಾಮಾನ್ಯವಾಗಿ ಹಲವು ಗಂಟುಗಳಾಗಿ, ಶ್ವಾಸಕೋಶದ ಕೆಳಭಾಗದಲ್ಲಿ ಮತ್ತು ಹೊರ ಅಂಚಿನಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಅಪಾಯದ ಅಂದಾಜು

ಚಿತ್ರದಷ್ಟೇ ಮುಖ್ಯವಾದುದು ವ್ಯಕ್ತಿಯ ಹಿನ್ನೆಲೆ. ವಯಸ್ಸು, ಬೀಡಿ ಸಿಗರೇಟಿನ ಅಭ್ಯಾಸ, ಕುಟುಂಬದಲ್ಲಿ ಶ್ವಾಸಕೋಶ ಕ್ಯಾನ್ಸರ್, ಈ ಹಿಂದೆ ಬೇರೆ ಕ್ಯಾನ್ಸರಿಗೆ ಪಡೆದ ಚಿಕಿತ್ಸೆ, ಎಂಫಿಸೀಮ ರೋಗ, ಕಲ್ನಾರಿನ ಸಂಪರ್ಕ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಧೂಮಪಾನ ಮಾಡದವರು ಸಂಪೂರ್ಣ ಸುರಕ್ಷಿತರೆಂದು ಭಾವಿಸುವಂತಿಲ್ಲ. ಭಾರತದಲ್ಲಿ, ವಿಶೇಷವಾಗಿ ಮಹಿಳೆಯರಲ್ಲಿ, ಎಂದೂ ಧೂಮಪಾನ ಮಾಡದವರಿಗೂ ಶ್ವಾಸಕೋಶ ಕ್ಯಾನ್ಸರ್ ಬರುತ್ತಿದೆ. ಸೌದೆ ಒಲೆಯ ಹೊಗೆ ಮತ್ತು ನಗರದ ವಾಯುಮಾಲಿನ್ಯ ಇದಕ್ಕೆ ಕಾರಣವಾಗಬಲ್ಲ ಅಂಶಗಳು.

ಇವೆಲ್ಲವನ್ನೂ ಸೇರಿಸಿ ಶೇಕಡಾವಾರು ಸಾಧ್ಯತೆಯನ್ನು ಕೊಡುವ ಗಣಿತದ ಸೂತ್ರಗಳಿವೆ. 1997ರಲ್ಲಿ ಪ್ರಕಟವಾದ ಮೇಯೋ ಸೂತ್ರ ಹಾಗೂ 2013ರಲ್ಲಿ ಕೆನಡಾದಿಂದ ಬಂದ ಬ್ರಾಕ್ ಸೂತ್ರ ಇವುಗಳಲ್ಲಿ ಪ್ರಸಿದ್ಧ. ಆದರೆ ಇವು ರೂಪುಗೊಂಡದ್ದು ಕ್ಷಯ ವಿರಳವಾಗಿರುವ ದೇಶಗಳಲ್ಲಿ. ಆದ್ದರಿಂದ ಭಾರತೀಯ ರೋಗಿಯ ವಿಷಯದಲ್ಲಿ ಆ ಸಂಖ್ಯೆಯನ್ನು ಒಂದು ಸೂಚನೆಯೆಂದು ಸ್ವೀಕರಿಸಬೇಕೇ ಹೊರತು ತೀರ್ಪೆಂದಲ್ಲ. ಏಷ್ಯಾದ ತಜ್ಞರು 2016ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಕ್ಷಯದ ವ್ಯಾಪಕತೆ ಹಾಗೂ ವಾಯುಮಾಲಿನ್ಯವನ್ನು ಗಮನದಲ್ಲಿಟ್ಟುಕೊಳ್ಳುವಂತೆ ಸಲಹೆ ನೀಡಿದೆ.

ಎಷ್ಟು ಗಾತ್ರಕ್ಕೆ ಎಷ್ಟು ಕಾಲದ ನಿಗಾ?

ಆಕಸ್ಮಿಕವಾಗಿ ಕಂಡ ಗಂಟುಗಳ ನಿಗಾ ಕುರಿತು ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವುದು ಫ್ಲೈಶ್ನರ್ ಸೊಸೈಟಿಯ ಮಾರ್ಗಸೂಚಿ. 1969ರಲ್ಲಿ ಸ್ಥಾಪನೆಯಾದ, ಎದೆಯ ಚಿತ್ರಣದಲ್ಲಿ ಪರಿಣತರಾದವರ ಈ ಸಂಘ 2005ರಲ್ಲಿ ಮೊದಲ ಮಾರ್ಗಸೂಚಿಯನ್ನು ಹೊರತಂದಿತು. 2017ರಲ್ಲಿ ಅದನ್ನು ಪರಿಷ್ಕರಿಸಿತು. ಒಂದೇ ಗಂಟು ಇದ್ದಾಗ ಅದರ ಮುಖ್ಯ ಸಲಹೆಗಳು ಹೀಗಿವೆ.

ಘನ ಗಂಟು, 6 ಮಿ.ಮೀ.ಗಿಂತ ಕಡಿಮೆ: ಕಡಿಮೆ ಅಪಾಯದವರಿಗೆ ಮರು ಸ್ಕ್ಯಾನ್ ಬೇಕಿಲ್ಲ. ಹೆಚ್ಚು ಅಪಾಯದವರಿಗೆ 12 ತಿಂಗಳ ನಂತರ ಒಂದು ಸ್ಕ್ಯಾನ್, ಅದೂ ವೈದ್ಯರ ವಿವೇಚನೆಯಂತೆ.

ಘನ ಗಂಟು, 6ರಿಂದ 8 ಮಿ.ಮೀ.: 6ರಿಂದ 12 ತಿಂಗಳೊಳಗೆ ಒಂದು ಸ್ಕ್ಯಾನ್. ಹೆಚ್ಚು ಅಪಾಯದವರಿಗೆ 18ರಿಂದ 24 ತಿಂಗಳೊಳಗೆ ಮತ್ತೊಂದು. ಕಡಿಮೆ ಅಪಾಯದವರಿಗೆ ಎರಡನೆಯದು ಐಚ್ಛಿಕ.

ಘನ ಗಂಟು, 8 ಮಿ.ಮೀ.ಗಿಂತ ಹೆಚ್ಚು: 3 ತಿಂಗಳಲ್ಲಿ ಸ್ಕ್ಯಾನ್, ಪೆಟ್ ಸ್ಕ್ಯಾನ್ ಅಥವಾ ಬಯಾಪ್ಸಿ. ಇವುಗಳಲ್ಲಿ ಯಾವುದೆಂಬುದು ವ್ಯಕ್ತಿಯ ಅಪಾಯವನ್ನು ಅವಲಂಬಿಸಿದೆ.

ಮಬ್ಬುಗಾಜಿನ ಗಂಟು, 6 ಮಿ.ಮೀ. ಅಥವಾ ಹೆಚ್ಚು: 6ರಿಂದ 12 ತಿಂಗಳಲ್ಲಿ ಸ್ಕ್ಯಾನ್. ಮಾಯವಾಗದಿದ್ದರೆ 5 ವರ್ಷಗಳವರೆಗೆ 2 ವರ್ಷಕ್ಕೊಮ್ಮೆ.

ಅರೆಘನ ಗಂಟು, 6 ಮಿ.ಮೀ. ಅಥವಾ ಹೆಚ್ಚು: 3ರಿಂದ 6 ತಿಂಗಳಲ್ಲಿ ಸ್ಕ್ಯಾನ್. ಬದಲಾಗದೆ ಉಳಿದು, ಒಳಗಿನ ಘನಭಾಗ 6 ಮಿ.ಮೀ.ಗಿಂತ ಕಡಿಮೆಯಿದ್ದರೆ 5 ವರ್ಷ ಪ್ರತಿವರ್ಷವೂ ಸ್ಕ್ಯಾನ್. ಘನಭಾಗ ಅದಕ್ಕಿಂತ ದೊಡ್ಡದಾಗಿದ್ದರೆ ಅದನ್ನು ಹೆಚ್ಚು ಸಂಶಯಾಸ್ಪದವೆಂದು ಪರಿಗಣಿಸಬೇಕು.

ಈ ಕೋಷ್ಟಕ ಎಲ್ಲರಿಗೂ ಅನ್ವಯಿಸುವುದಿಲ್ಲ. 35 ವರ್ಷಕ್ಕಿಂತ ಕಿರಿಯರು, ಈಗಾಗಲೇ ಕ್ಯಾನ್ಸರ್ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು ಇದರ ವ್ಯಾಪ್ತಿಗೆ ಬರುವುದಿಲ್ಲ. ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಕಂಡ 5 ಮಿ.ಮೀ. ಗಂಟಿಗೂ, ಆರೋಗ್ಯವಂತರಲ್ಲಿ ಕಂಡ ಅಷ್ಟೇ ಗಾತ್ರದ ಗಂಟಿಗೂ ಒಂದೇ ಅಳತೆಗೋಲು ಸಲ್ಲದು.

ಬೆಳವಣಿಗೆಯ ಲೆಕ್ಕ

ನಿಗಾ ಇಡುವುದರ ಹಿಂದಿನ ತರ್ಕ ಸರಳವಾದುದು. ಕ್ಯಾನ್ಸರ್ ಬೆಳೆಯುತ್ತದೆ, ಕಲೆ ಬೆಳೆಯುವುದಿಲ್ಲ. ಕ್ಯಾನ್ಸರ್ ಸ್ವರೂಪದ ಘನ ಗಂಟು ಸಾಮಾನ್ಯವಾಗಿ 100ರಿಂದ 400 ದಿನಗಳಲ್ಲಿ ತನ್ನ ಘನಗಾತ್ರವನ್ನು ಇಮ್ಮಡಿಗೊಳಿಸಿಕೊಳ್ಳುತ್ತದೆ. ಕೆಲವೇ ವಾರಗಳಲ್ಲಿ ಇಮ್ಮಡಿಯಾದರೆ ಅದು ಸೋಂಕಾಗಿರುವ ಸಂಭವ ಹೆಚ್ಚು. 2 ವರ್ಷ ಒಂದಿಷ್ಟೂ ಬದಲಾಗದ ಘನ ಗಂಟನ್ನು ನಿರಪಾಯಕಾರಿ ಎಂದು ಪರಿಗಣಿಸುವುದು ರೂಢಿ. ಮಬ್ಬುಗಾಜಿನ ಬಗೆಯದು ಬಹು ನಿಧಾನವಾಗಿ ಬೆಳೆಯುವುದರಿಂದಲೇ ಅದಕ್ಕೆ 5 ವರ್ಷಗಳ ನಿಗಾ.

ಇಲ್ಲೊಂದು ಸೂಕ್ಷ್ಮವಿದೆ. ಗೋಳಾಕಾರದ ಗಂಟಿನ ವ್ಯಾಸ ಶೇ. 26ರಷ್ಟು ಹೆಚ್ಚಾದರೆ ಅದರ ಘನಗಾತ್ರ ಎರಡು ಪಟ್ಟಾಗುತ್ತದೆ. 8 ಮಿ.ಮೀ. ಇದ್ದದ್ದು 10 ಮಿ.ಮೀ. ಆಯಿತೆಂದರೆ ಕೇಳುವವರಿಗೆ ಅದು ಅಲ್ಪ ವ್ಯತ್ಯಾಸ. ಆದರೆ ಗಂಟು ಸುಮಾರು 268 ಘನ ಮಿ.ಮೀ.ನಿಂದ 524 ಘನ ಮಿ.ಮೀ.ಗೆ ಬೆಳೆದಿರುತ್ತದೆ. ಇನ್ನೊಂದೆಡೆ, 7 ಮಿ.ಮೀ. ಇದ್ದದ್ದು ಮುಂದಿನ ವರದಿಯಲ್ಲಿ 8 ಮಿ.ಮೀ. ಎಂದಿದ್ದರೆ ಗಾಬರಿಯಾಗಬೇಕಿಲ್ಲ. ಉಸಿರು ಹಿಡಿದ ಪ್ರಮಾಣ, ಪದರದ ದಪ್ಪ, ಅಳೆದ ಕೈ ಇವುಗಳಿಂದ 1 ಮಿ.ಮೀ. ವ್ಯತ್ಯಾಸ ಬರುವುದು ಸಹಜ. ಫ್ಲೈಶ್ನರ್ ಸೊಸೈಟಿಯ ಪ್ರಕಾರ ಬೆಳವಣಿಗೆ ಎನ್ನಬೇಕಾದರೆ ವ್ಯಾಸದಲ್ಲಿ ಕನಿಷ್ಠ 2 ಮಿ.ಮೀ. ಹೆಚ್ಚಳವಾಗಿರಬೇಕು.

ಕಂಪ್ಯೂಟರಿನ ನೆರವಿನಿಂದ ಘನಗಾತ್ರವನ್ನೇ ಅಳೆಯುವ ವಿಧಾನ ಇದಕ್ಕಿಂತ ಹೆಚ್ಚು ಖಚಿತ. 2015ರ ಬ್ರಿಟಿಷ್ ಥೊರಾಸಿಕ್ ಸೊಸೈಟಿಯ ಮಾರ್ಗಸೂಚಿ ಇದಕ್ಕೆ ಒತ್ತು ನೀಡಿತು. ಘನಗಾತ್ರದಲ್ಲಿ ಶೇ. 25ಕ್ಕಿಂತ ಕಡಿಮೆ ವ್ಯತ್ಯಾಸವನ್ನು ಅದು ಸ್ಥಿರವೆಂದೇ ಎಣಿಸುತ್ತದೆ. 400 ದಿನಗಳೊಳಗೆ ಇಮ್ಮಡಿಯಾಗುವ ಗಂಟಿಗೆ ಹೆಚ್ಚಿನ ತನಿಖೆ ಬೇಕೆನ್ನುತ್ತದೆ.

ಪೆಟ್ ಸ್ಕ್ಯಾನ್: ಪ್ರಯೋಜನ ಮತ್ತು ಮಿತಿ

ಪೆಟ್ ಸ್ಕ್ಯಾನಿನಲ್ಲಿ ಅಲ್ಪ ಪ್ರಮಾಣದ ವಿಕಿರಣಶೀಲ ಫ್ಲೋರಿನ್ ಸೇರಿಸಿದ ಗ್ಲುಕೋಸನ್ನು ರಕ್ತನಾಳಕ್ಕೆ ನೀಡಲಾಗುತ್ತದೆ. ಹಸಿದ ಕ್ಯಾನ್ಸರ್ ಕೋಶಗಳು ಗ್ಲುಕೋಸನ್ನು ಹೆಚ್ಚಾಗಿ ಹೀರಿಕೊಂಡು ಚಿತ್ರದಲ್ಲಿ ಹೊಳೆಯುತ್ತವೆ. ಆದರೆ ಕ್ಷಯದ ಗ್ರಾನ್ಯುಲೋಮದಲ್ಲಿರುವ ರಕ್ಷಣಾ ಕಣಗಳೂ ಹಾಗೆಯೇ ಗ್ಲುಕೋಸನ್ನು ಹೀರುತ್ತವೆ. ಹೊಳೆದದ್ದೆಲ್ಲ ಕ್ಯಾನ್ಸರ್ ಎಂದರೆ ಭಾರತದಲ್ಲಿ ಅನೇಕ ಕ್ಷಯರೋಗಿಗಳು ಕ್ಯಾನ್ಸರ್ ರೋಗಿಗಳಾಗಿಬಿಡುತ್ತಾರೆ. ವಿರುದ್ಧ ದಿಕ್ಕಿನ ದೋಷವೂ ಇದೆ. 8 ಮಿ.ಮೀ.ಗಿಂತ ಚಿಕ್ಕ ಗಂಟು, ಮಬ್ಬುಗಾಜಿನ ಗಂಟು ಮತ್ತು ಕಾರ್ಸಿನಾಯ್ಡ್ ಹೊಳೆಯದೆಯೂ ಇರಬಹುದು. ಸಣ್ಣ ಗಂಟಿಗೆ ಪೆಟ್ ಮಾಡಿಸಿ, ಏನೂ ಇಲ್ಲವೆಂದು ನಿಗಾ ಕೈಬಿಡುವುದು ಸರಿಯಲ್ಲ.

ಬಯಾಪ್ಸಿ ಯಾವಾಗ?

ಸಂಶಯಕ್ಕೆ ಕೊನೆ ಹಾಡುವುದು ಅಂಗಾಂಶದ ಪರೀಕ್ಷೆ ಮಾತ್ರ. ಎದೆಯ ಗೋಡೆಯ ಹತ್ತಿರವಿರುವ ಗಂಟಿಗೆ ಸಿ.ಟಿ. ಮಾರ್ಗದರ್ಶನದಲ್ಲಿ ಹೊರಗಿನಿಂದ ಸೂಜಿ ಹಾಕಲಾಗುತ್ತದೆ. ಶ್ವಾಸನಾಳದ ಸಮೀಪವಿದ್ದರೆ ಬ್ರಾಂಕೋಸ್ಕೋಪಿ ಅಥವಾ ಒಳಗಿನಿಂದ ಮಾಡುವ ಅಲ್ಟ್ರಾಸೌಂಡ್ ನೆರವಾಗುತ್ತದೆ. ಸಾಧ್ಯತೆ ಬಹಳ ಹೆಚ್ಚಿದ್ದರೆ ಎದೆಯಲ್ಲಿ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಹಾಯಿಸಿ ಗಂಟನ್ನೇ ತೆಗೆದು, ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಪರೀಕ್ಷಿಸುವುದುಂಟು.

ಸೂಜಿ ಪರೀಕ್ಷೆಗೆ ಭಯಪಡಬೇಕಿಲ್ಲ, ಆದರೆ ಅದು ಅಪಾಯರಹಿತವೂ ಅಲ್ಲ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ವಿಸ್ತೃತ ಅಧ್ಯಯನವೊಂದರಲ್ಲಿ ಶೇ. 15ರಷ್ಟು ರೋಗಿಗಳಲ್ಲಿ ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಂಡಿತು. ಶೇ. 6ರಿಂದ 7ರಷ್ಟು ಮಂದಿಗೆ ಕೊಳವೆ ಹಾಕಿ ಗಾಳಿ ಹೊರತೆಗೆಯಬೇಕಾಯಿತು. ರಕ್ತಸ್ರಾವವಾದದ್ದು ಶೇ. 1ರಷ್ಟು ಜನರಲ್ಲಿ. ಕ್ಯಾನ್ಸರ್ ಸಾಧ್ಯತೆ ಶೇ. 1ಕ್ಕಿಂತ ಕಡಿಮೆಯಿರುವ 5 ಮಿ.ಮೀ. ಗಂಟಿಗೆ ಸೂಜಿ ಹಾಕದಿರುವುದು ಈ ಲೆಕ್ಕದಿಂದಲೇ. ಸೂಜಿಯಲ್ಲಿ ಕ್ಯಾನ್ಸರ್ ಕಣ ಸಿಗಲಿಲ್ಲವೆಂದ ಮಾತ್ರಕ್ಕೆ ಅದು ಇಲ್ಲವೆಂದೂ ಅರ್ಥವಲ್ಲ. ಸೂಜಿ ಪಕ್ಕಕ್ಕೆ ಜಾರಿರಬಹುದು. ಕ್ಷಯವೆಂದೋ ಹ್ಯಾಮಾರ್ಟೋಮವೆಂದೋ ನಿರ್ದಿಷ್ಟ ಉತ್ತರ ಬಂದರೆ ಮಾತ್ರ ನೆಮ್ಮದಿ. ಬಾರದಿದ್ದರೆ ನಿಗಾ ಮುಂದುವರಿಯಬೇಕು. ತೆಗೆದ ಅಂಗಾಂಶದ ಒಂದು ಭಾಗವನ್ನು ಕ್ಷಯದ ಪರೀಕ್ಷೆಗೂ ಕಳುಹಿಸುವಂತೆ ಮೊದಲೇ ಕೇಳಿಕೊಳ್ಳುವುದು ಜಾಣತನ. ಮಾದರಿಯನ್ನು ಪೂರ್ತಿಯಾಗಿ ಫಾರ್ಮಲಿನ್‌ನಲ್ಲಿ ಹಾಕಿದ ಮೇಲೆ ಕ್ಷಯಾಣುವನ್ನು ಬೆಳೆಸಿ ನೋಡಲಾಗದು.

ವಿಕಿರಣದ ಚಿಂತೆ

ಪದೇ ಪದೇ ಸ್ಕ್ಯಾನ್ ಮಾಡಿಸಿದರೆ ವಿಕಿರಣದಿಂದಲೇ ಅಪಾಯವಲ್ಲವೇ ಎಂಬುದು ಅನೇಕರ ಪ್ರಶ್ನೆ. ಭೂಮಿ ಮತ್ತು ಆಕಾಶದಿಂದ ಬರುವ ಸಹಜ ವಿಕಿರಣವೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್‌ನಷ್ಟಿರುತ್ತದೆ. ಮಾಮೂಲಿ ಎದೆಯ ಸಿ.ಟಿ.ಯಲ್ಲಿ ಅದು ಸುಮಾರು 5ರಿಂದ 7 ಮಿಲಿಸೀವರ್ಟ್. ಕಡಿಮೆ ವಿಕಿರಣದ ಸಿ.ಟಿ.ಯಲ್ಲಿ ಸುಮಾರು 1.5 ಮಾತ್ರ. ಗಂಟಿನ ನಿಗಾಕ್ಕೆ ಈ ಎರಡನೆಯ ಬಗೆಯೇ ಸಾಕು. ರಕ್ತನಾಳಕ್ಕೆ ಔಷಧ ನೀಡುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ಕಡಿಮೆ ಡೋಸಿನ, ತೆಳುಪದರದ ಸ್ಕ್ಯಾನ್ ಎಂದು ಚೀಟಿಯಲ್ಲಿ ಬರೆಸಿಕೊಂಡರೆ ವಿಕಿರಣ ಕಡಿಮೆಯಾಗುತ್ತದೆ. ಗಡುವಿಗೆ ಮೊದಲೇ ಆತಂಕದಿಂದ ಸ್ಕ್ಯಾನ್ ಮಾಡಿಸುವುದರಿಂದ ಪ್ರಯೋಜನವಿಲ್ಲ. ಬೆಳವಣಿಗೆ ಕಾಣಲು ಕಾಲ ಬೇಕು.

ಎರಡು ಉದಾಹರಣೆಗಳು

ಎಂದೂ ಧೂಮಪಾನ ಮಾಡದ 42 ವರ್ಷದ ಶಿಕ್ಷಕಿಯೊಬ್ಬರ ಸ್ಕ್ಯಾನಿನಲ್ಲಿ 5 ಮಿ.ಮೀ. ಗಾತ್ರದ, ನುಣುಪು ಅಂಚಿನ ಘನ ಗಂಟು ಇದೆಯೆಂದು ಭಾವಿಸೋಣ. ಬೇರೆ ಲಕ್ಷಣಗಳಿಲ್ಲ, ಕುಟುಂಬದಲ್ಲಿ ಕ್ಯಾನ್ಸರ್ ಇಲ್ಲ. ಮಾರ್ಗಸೂಚಿಯಂತೆ ಅವರಿಗೆ ಮರು ಸ್ಕ್ಯಾನ್ ಕೂಡ ಕಡ್ಡಾಯವಲ್ಲ. ಪೆಟ್, ಬಯಾಪ್ಸಿ ಎಂದು ಅಲೆಯುವುದು ಹಣ ಮತ್ತು ನೆಮ್ಮದಿಯ ನಷ್ಟ.

30 ವರ್ಷ ಬೀಡಿ ಸೇದಿದ 63 ವರ್ಷದ ವ್ಯಕ್ತಿಯ ಮೇಲಿನ ಹಾಲೆಯಲ್ಲಿ 14 ಮಿ.ಮೀ. ಗಾತ್ರದ, ಮುಳ್ಳಂಚಿನ ಗಂಟು ಕಂಡಿತೆನ್ನೋಣ. ಯೌವನದಲ್ಲಿ ಅವರಿಗೆ ಕ್ಷಯ ಬಂದಿತ್ತು. ಅದರ ಕಲೆ ಇದಾಗಿರಬಹುದು ಎಂದು ಸುಮ್ಮನಾಗುವುದು ಇಲ್ಲಿ ದುಬಾರಿಯಾದೀತು. ಹಳೆಯ ಎಕ್ಸ್‌ರೇಯಲ್ಲಿ ಅದೇ ಜಾಗದಲ್ಲಿ ಅದೇ ಗಾತ್ರದ ಚುಕ್ಕೆ ಇತ್ತೆಂದು ತೋರಿಸಲು ಸಾಧ್ಯವಾಗದಿದ್ದರೆ ತಡಮಾಡದೆ ಪೆಟ್ ಸ್ಕ್ಯಾನ್ ಮತ್ತು ಬಯಾಪ್ಸಿಯತ್ತ ಸಾಗಬೇಕು. 1 ಸೆಂಟಿಮೀಟರ್ ಒಳಗಿನ, ಎಲ್ಲಿಯೂ ಹರಡದ ಶ್ವಾಸಕೋಶ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಲ್ಲಿ 5 ವರ್ಷ ಬದುಕುಳಿಯುವವರು ಶೇ. 90ರಷ್ಟಿದ್ದಾರೆ ಎಂಬುದು ಅಂತಾರಾಷ್ಟ್ರೀಯ ದಾಖಲೆಗಳಿಂದ ತಿಳಿದುಬಂದಿರುವ ಸಂಗತಿ. 4ನೇ ಹಂತದಲ್ಲಿ ಆ ಪ್ರಮಾಣ ಶೇ. 10ಕ್ಕೆ ಮತ್ತು ಅದಕ್ಕೂ ಕೆಳಕ್ಕೆ ಇಳಿಯುತ್ತದೆ.

ರೋಗಿ ಮತ್ತು ಮನೆಯವರು ಮಾಡಬೇಕಾದುದು

ಹಳೆಯ ಚಿತ್ರಗಳನ್ನು ಹುಡುಕುವುದು ಮೊದಲ ಕೆಲಸ. ಉದ್ಯೋಗಕ್ಕೆ ಸೇರುವಾಗ, ವಿಮೆ ಅಥವಾ ವೀಸಾಕ್ಕಾಗಿ, ಹಿಂದಿನ ಶಸ್ತ್ರಚಿಕಿತ್ಸೆಯ ಮುನ್ನ ತೆಗೆದ ಎಕ್ಸ್‌ರೇ ಮನೆಯಲ್ಲಿಯೇ ಇರಬಹುದು. 3 ವರ್ಷ ಹಿಂದಿನ ಚಿತ್ರದಲ್ಲಿಯೂ ಅದೇ ಗಂಟು ಅಷ್ಟೇ ಗಾತ್ರದಲ್ಲಿದ್ದರೆ ಸಾವಿರಾರು ರೂಪಾಯಿಗಳ ಪರೀಕ್ಷೆಗಳು ಉಳಿದಾವು. ವರದಿಯ ಕಾಗದವೊಂದೇ ಸಾಲದು. ಫಿಲ್ಮ್ ಅಥವಾ ಸಿ.ಡಿ.ಯನ್ನೂ ಜೋಪಾನ ಮಾಡಬೇಕು. ಮರು ಸ್ಕ್ಯಾನನ್ನು ಸಾಧ್ಯವಾದಷ್ಟೂ ಅದೇ ಕೇಂದ್ರದಲ್ಲಿ, ಹಳೆಯ ಚಿತ್ರಗಳೊಂದಿಗೆ ಹೋಲಿಸುವಂತೆ ಕೇಳಿ ಮಾಡಿಸುವುದು ಒಳಿತು.

ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಗಂಟಿನ ಗಾತ್ರವೆಷ್ಟು, ಬಗೆ ಯಾವುದು? ಕ್ಯಾನ್ಸರ್ ಸಾಧ್ಯತೆ ಅಂದಾಜು ಎಷ್ಟು? ಮುಂದಿನ ಸ್ಕ್ಯಾನ್ ಯಾವ ತಿಂಗಳು? ನಿಗಾ ಮುಗಿಯುವುದು ಯಾವಾಗ? ಉತ್ತರಗಳನ್ನು ಬರೆದಿಟ್ಟುಕೊಂಡು, ಸ್ಕ್ಯಾನಿನ ದಿನಾಂಕವನ್ನು ಮನೆಯವರಲ್ಲಿ ಇನ್ನೊಬ್ಬರಿಗೂ ತಿಳಿಸಿರಬೇಕು. ಊರು ಬದಲಾಗಿ, ವೈದ್ಯರು ಬದಲಾಗಿ ನಿಗಾ ತಪ್ಪಿಹೋಗುವ ಪ್ರಕರಣಗಳು ಕಡಿಮೆಯಲ್ಲ.

2 ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಒಡೆದ ಧ್ವನಿ, ಹೆಚ್ಚುತ್ತಿರುವ ಏದುಸಿರು ಕಂಡರೆ ಗಡುವಿಗಾಗಿ ಕಾಯದೆ ವೈದ್ಯರನ್ನು ಕಾಣಬೇಕು. ಧೂಮಪಾನಿಗಳು ಅಂದೇ ಅದನ್ನು ತ್ಯಜಿಸಬೇಕು. ಗಂಟು ನಿರುಪದ್ರವಿಯೆಂದು ಸಾಬೀತಾದರೂ ಮುಂದೆ ಹೊಸ ಗಂಟು ಮೂಡುವ ಅಪಾಯವನ್ನು ಅದು ತಗ್ಗಿಸುತ್ತದೆ. ಗಂಟನ್ನು ಕರಗಿಸುತ್ತೇವೆಂಬ ಪುಡಿ, ಕಷಾಯಗಳ ಜಾಹೀರಾತುಗಳಿಗೆ ಮಾರುಹೋಗಬಾರದು. ಹಳೆಯ ಕಲೆ ಕರಗಬೇಕಾದ ಅಗತ್ಯವೇ ಇಲ್ಲ. ಕ್ಯಾನ್ಸರ್ ಅವುಗಳಿಂದ ಕರಗುವುದಿಲ್ಲ.

ಸಂಶಯ ಉಳಿದಾಗ ಎದೆರೋಗ ತಜ್ಞರು, ವಿಕಿರಣತಜ್ಞರು, ಕ್ಯಾನ್ಸರ್ ತಜ್ಞರು ಒಟ್ಟಿಗೆ ಕುಳಿತು ಚಿತ್ರ ನೋಡುವ ವ್ಯವಸ್ಥೆಯಿರುವ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಪಡೆಯಬಹುದು. ಬೆಂಗಳೂರಿನಲ್ಲಿ ಸರ್ಕಾರಿ ವಲಯದ ಕಿದ್ವಾಯಿ ಗಂಥಿ ಸಂಸ್ಥೆ ಹಾಗೂ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಈ ಕ್ಷೇತ್ರದಲ್ಲಿ ದೀರ್ಘಕಾಲದ ಅನುಭವ ಹೊಂದಿವೆ. ಅಲ್ಲಿಗೆ ಹೋಗುವಾಗ ಮೊದಲ ಸ್ಕ್ಯಾನಿನ ಚಿತ್ರ, ವರದಿ ಮತ್ತು ಈವರೆಗೆ ಸೇವಿಸಿದ ಔಷಧಗಳ ಪಟ್ಟಿ ಕೈಯಲ್ಲಿರಲಿ.